ಮಕ್ಕಳ ಅದ್ಭುತ ಕಥೆ: ವಿಜಯಪುರ ಸೀಮೆಯ ನಿಸರ್ಗ, ನಂಬಿಕೆ, ನೆರೆಹೊರೆ

ಪ್ರಾಣಿ ಮಾತಾಡುವ, ಹುಡುಗಿ ಗಿಡವಾಗುವ, ಬರಿದಾದ ಗಡಿಗೆ ಮತ್ತೆ ಮತ್ತೆ ತುಂಬುವ ಕಥೆಗಳನ್ನು ಮಕ್ಕಳಿಗೆ ಹೇಳುವ ರೂಢಿ ಎಲ್ಲ ನಾಡುಗಳಲ್ಲೂ ಇದೆ. ಅಚ್ಚಾಗಿ ಪುಸ್ತಕದ ಅಂಗಡಿಗೆ ಬಂದರೆ ಇಂಥ ಕಥೆಯನ್ನು ಈಗ ಫ್ಯಾಂಟಸಿ ಎನ್ನುತ್ತಾರೆ. ಬಾಯಲ್ಲೇ ಉಳಿದರೆ ಅಜ್ಜಿ ಕಥೆ. ಕನ್ನಡದಲ್ಲಿ ಈ ಎರಡಕ್ಕೂ ನಡುವೆ ಬಿದ್ದಿರುವ ಅಂತರ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಎದ್ದು ಕಾಣುತ್ತದೆ. ಬಾಯಿಮಾತಿನ ಸಂಪತ್ತು ಇಲ್ಲಿ ಅಪಾರ. ಮಕ್ಕಳಿಗಾಗಿ ಬರೆದವರೂ ಇಲ್ಲಿ ಹೆಚ್ಚು. ಆದರೂ ಅಚ್ಚಿನ ಅದ್ಭುತ ಕಥೆಯೊಳಗೆ ಈ ಸೀಮೆಯ ನೆಲ ಕಾಲಿಟ್ಟದ್ದು ಕಡಿಮೆ.

ಸಿಂದಗಿಯಿಂದ ಜೇವರ್ಗಿಯ ಕಡೆಗೆ ಹೋಗುವ ದಾರಿಯಲ್ಲಿ ಮೋರಟಗಿಯ ಸುತ್ತ ಕಣ್ಣು ಹಾಯಿಸಿದಷ್ಟೂ ಎರೆ ಹೊಲ. ತೊಗರಿ, ಹತ್ತಿ, ಹಿಂಗಾರಿನ ಬಿಳಿಜೋಳ, ಬದುವಿಗೊಂದು ಬನ್ನಿ, ಜಾಲಿ ಅಥವಾ ಬೇವು. ಮೇಲೆ ಭೀಮೆ, ಕೆಳಗೆ ಕೃಷ್ಣೆ, ನಡುವೆ ಬೇಸಗೆಯಲ್ಲಿ ಬತ್ತಿ ಮಳೆಗಾಲದಲ್ಲಿ ದಡ ಮೀರುವ ಡೋಣಿ. ಡೋಣಿ ಹರಿದರೆ ಓಣಿ ತುಂಬ ಕಾಳು ಎಂಬುದು ಈ ಕಡೆಯ ಮಾತು. ರಾಜ್ಯದಲ್ಲಿ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಮಕ್ಕಳ ಅದ್ಭುತ ಕಥೆಯ ಚರಿತ್ರೆಗೆ ಈ ಭೂಗೋಳ ಮುಖ್ಯ. ಏಕೆಂದರೆ ಲೋಕದ ಹೆಸರಾಂತ ಫ್ಯಾಂಟಸಿಗಳು ಬಹುಪಾಲು ಕಾಡಿನಲ್ಲಿ ನಡೆಯುತ್ತವೆ. ಗ್ರಿಮ್ ಸೋದರರ ಮಕ್ಕಳು ದಾರಿ ತಪ್ಪುವುದು ಕಾಡಿನಲ್ಲಿ. ಸಿ.ಎಸ್. ಲೂಯಿಸ್‌ನ ನಾರ್ನಿಯಾ ಕಥೆಗಳ (1950–56) ಹುಡುಗಿ ಬಟ್ಟೆಯ ಕಪಾಟಿನೊಳಗೆ ಹೊಕ್ಕು ಹೊರಬೀಳುವುದು ಹಿಮ ಸುರಿಯುವ ಮರಗಳ ನಡುವೆ. ಕನ್ನಡದ ಪಠ್ಯಪುಸ್ತಕದ ಹುಲಿ, ನರಿ, ಮಂಗಗಳೂ ಮಲೆನಾಡಿನಿಂದಲೋ ಪಂಚತಂತ್ರದಿಂದಲೋ ಬಂದವು. ಮೋರಟಗಿಯ ಹುಡುಗನಿಗೆ ಆ ಕಾಡು ನಾರ್ನಿಯಾದಷ್ಟೇ ಪರದೇಶ.

ಹಾಗೆಂದು ಈ ಬಯಲಿನಲ್ಲಿ ಅದ್ಭುತಕ್ಕೆ ನೆಲೆ ಇಲ್ಲವೆಂದಲ್ಲ. ಅದು ಹೊಲ, ಬಾವಿ, ಮಳೆ, ಮಣ್ಣುಗಳಲ್ಲಿ ನೆಲೆಸಿದೆ.

ಮಣ್ಣಿನ ಎತ್ತು, ಮಣ್ಣಿನ ಹುಡುಗಿ

ಜ್ಯೇಷ್ಠದ ಅಮಾವಾಸ್ಯೆ ಇಲ್ಲಿ ಮಣ್ಣೆತ್ತಿನ ಅಮಾವಾಸ್ಯೆ. ಕೆರೆಯ, ಹಳ್ಳದ ದಂಡೆಯ ಕರಿಮಣ್ಣು ತಂದು ಮಕ್ಕಳೂ ದೊಡ್ಡವರೂ ಜೋಡಿ ಎತ್ತು ಮಾಡುತ್ತಾರೆ, ಮುಂದೊಂದು ಗೋದಲಿ ಇಡುತ್ತಾರೆ, ಪೂಜೆ ಮಾಡಿ ಎಡೆ ತೋರಿಸುತ್ತಾರೆ. ಮರುದಿನ ಹುಡುಗರ ಸರದಿ. ಕಾಲು ಮುರಿದ ಮಣ್ಣೆತ್ತೊಂದನ್ನು ಹಿಡಿದು, ಕುಂಟೆತ್ತು ಬಂದಿದೆ ಜೋಳ ನೀಡಿ ಎಂದು ಮನೆ ಮನೆ ತಿರುಗುತ್ತಾರೆ. ಪೂಜೆಯ ದೇವರು ಒಂದೇ ರಾತ್ರಿಯಲ್ಲಿ ಆಟದ ಪಾತ್ರವಾಗುತ್ತಾನೆ, ಅದೂ ಅಂಗವಿಕಲ ಪಾತ್ರ. ಇದರಿಂದ ಯಾರ ಭಕ್ತಿಗೂ ಧಕ್ಕೆ ಬಂದ ಹಾಗೆ ಕಾಣುವುದಿಲ್ಲ.

ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ ಬರುತ್ತಾಳೆ. ಅವಳನ್ನು ಮಾಡುವವರು ಹೆಣ್ಣುಮಕ್ಕಳು. ಹಸಿಮಣ್ಣಿನ ಮೂರ್ತಿಗೆ ಗುಲಗಂಜಿ, ಕುಸುಬಿ ಕಾಳು ಒತ್ತಿ ಸಿಂಗಾರ ಮಾಡುತ್ತಾರೆ, ಸುತ್ತ ಕೂತು ಹಾಡುತ್ತಾರೆ. ಹಬ್ಬ ಮುಗಿದ ಮೇಲೆ ಬುತ್ತಿ ಕಟ್ಟಿಕೊಂಡು ಹೋಗಿ ನೀರಿಗೆ ಬಿಡುತ್ತಾರೆ. ಮಂತ್ರ ಹೇಳುವವರಿಲ್ಲ, ದೊಡ್ಡವರ ಉಸ್ತುವಾರಿಯೂ ಹೆಸರಿಗಷ್ಟೆ. ಎಂಟು ಹತ್ತು ವರ್ಷದ ಹುಡುಗಿಯರು ತಮ್ಮ ದೇವರನ್ನು ತಾವೇ ಮಾಡಿ, ಅವಳಿಗೆ ಗಂಡನ ಮನೆ ತವರುಮನೆಗಳ ಕಥೆ ಕಟ್ಟಿ, ತಾವೇ ಕಳಿಸಿ ಬರುತ್ತಾರೆ. ಇಂಗ್ಲಿಷ್ ಫ್ಯಾಂಟಸಿಯ ಲೇಖಕ ಟೋಲ್ಕಿನ್ 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ, ಕಥೆಗಾರ ತನ್ನದೇ ನಿಯಮಗಳ ಮರುಲೋಕವೊಂದನ್ನು ಕಟ್ಟುತ್ತಾನೆ ಎಂಬ ವಿಚಾರ ಮಂಡಿಸಿದರು. ಆ ಕೆಲಸ ಮಕ್ಕಳ ಕೈಯಲ್ಲೇ ನಡೆಯುವುದನ್ನು ನೋಡಬೇಕಾದರೆ ಆಷಾಢದಲ್ಲಿ ಈ ಕಡೆ ಬರಬೇಕು.

ಭಾದ್ರಪದದ ಜೋಕುಮಾರನ ಕಥೆ ಇವೆರಡಕ್ಕಿಂತ ಖಾರವಾದದ್ದು. ಗಣಪತಿಯ ಹಿಂದೆಯೇ, ಅಷ್ಟಮಿಯಂದು ಹುಟ್ಟಿ ಏಳು ದಿನ ಬದುಕಿ ಸಾಯುವ ದೇವರು ಇವನು. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಮಣ್ಣಿನ ಮೂರ್ತಿ, ತುಟಿಗೆ ಬೆಣ್ಣೆ. ಹೆಂಗಸರು ಅವನನ್ನು ಹೊತ್ತು ಹಾಡುತ್ತ ಮನೆ ಮನೆಗೆ ಬರುತ್ತಾರೆ, ಮೊರದಲ್ಲಿ ಜೋಳ ಪಡೆಯುತ್ತಾರೆ. ಕಡುಬು ಹೋಳಿಗೆ ಉಂಡು ಹೋದ ಗಣಪತಿ, ಭೂಮಿಯ ಮೇಲೆ ಎಲ್ಲ ಸುಖವಾಗಿದೆಯೆಂದು ಶಿವನಿಗೆ ವರದಿ ಕೊಡುತ್ತಾನಂತೆ. ಅಂಬಲಿ, ನುಚ್ಚು ಉಂಡ ಜೋಕುಮಾರ ಬರಗಾಲದ ನಿಜ ಹೇಳುತ್ತಾನೆ, ಆಗ ಮಳೆ ಬರುತ್ತದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ, 1876–78ರ ಮಹಾಕ್ಷಾಮದಲ್ಲಿ ಊರೂರೇ ಬರಿದಾದ ಜಿಲ್ಲೆಯಲ್ಲಿ ಇದು ಬರೀ ರಂಜನೆಯ ಕಥೆಯಾಗಿರಲಾರದು. ದೇವಲೋಕದ ಆಡಳಿತದ ಮೇಲೆ ಹಸಿದವರು ಸಲ್ಲಿಸಿದ ದೂರು ಇದು. ಜೋಕುಮಾರ ಪೋಲಿಯೂ ಹೌದು, ಅವನ ಹಾಡುಗಳಲ್ಲಿ ಮಕ್ಕಳ ಪುಸ್ತಕಕ್ಕೆ ಒಗ್ಗದ ಮಾತುಗಳಿವೆ. ಅದಕ್ಕೇ ಇರಬೇಕು, ಗಣಪತಿಯ ಮೇಲೆ ಮಕ್ಕಳ ಪುಸ್ತಕಗಳು ರಾಶಿ ಬಿದ್ದಿದ್ದರೂ ಅವನ ಬೆನ್ನಿಗೆ ಬರುವ ಈ ದೇವರಿಗೆ ಅಲ್ಲಿ ಜಾಗ ಸಿಕ್ಕಿದ್ದು ಕಡಿಮೆ.

ಗಿಡವಾದ ಹುಡುಗಿ

ಕನ್ನಡ ಜನಪದ ಕಥೆಗಳಲ್ಲಿ ನಿಸರ್ಗವನ್ನು ಕುರಿತು ಅತ್ಯಂತ ಆಳವಾಗಿ ಯೋಚಿಸಿದ ಕಥೆ ಯಾವುದೆಂದರೆ ಹೂ ಬಿಡುವ ಗಿಡವಾಗುವ ಹುಡುಗಿಯದು. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಕರ್ನಾಟಕದ ಬೇರೆ ಬೇರೆ ಕಡೆ ಇದರ ಪಾಠಗಳನ್ನು ಕೂಡಿಸಿದರು. ಅವರು ತೀರಿಕೊಂಡ ಮೇಲೆ, 1997ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಕಥಾಸಂಗ್ರಹಕ್ಕೆ ಇದೇ ಕಥೆಯ ಹೆಸರು.

ಬಡ ತಾಯಿಯ ಕಷ್ಟ ನೋಡಲಾರದೆ ಕಿರಿಯ ಮಗಳು ಅಕ್ಕನಿಗೆ ಹೇಳುತ್ತಾಳೆ: ನಾನು ಗಿಡವಾಗುತ್ತೇನೆ, ಹೂ ಬಿಡಿಸಿ ಮಾರೋಣ. ಉಗುರು ತಾಗದಂತೆ ತಂದ ಎರಡು ಕೊಡ ನೀರು ಬೇಕು. ಒಂದನ್ನು ಸುರಿದರೆ ಗಿಡ, ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಷರತ್ತು ಒಂದೇ: ಹೂವನ್ನಷ್ಟೇ ಕೀಳಬೇಕು, ಎಲೆ ಹರಿಯಬಾರದು, ಟೊಂಗೆ ಮುರಿಯಬಾರದು. ಅಕ್ಕ ಹಾಗೇ ಮಾಡುತ್ತಾಳೆ. ರಾಜಕುಮಾರ ಆ ಕಿರಿಯವಳನ್ನು ಮದುವೆಯಾದ ಮೇಲೆ ಅವನ ತಂಗಿ ಗೆಳತಿಯರ ಜೊತೆ ತೋಟಕ್ಕೆ ಕರೆದೊಯ್ದು ಗಿಡವಾಗೆಂದು ಪೀಡಿಸುತ್ತಾಳೆ. ಆ ಹುಡುಗಿಯರು ಟೊಂಗೆ ಟಿಸಿಲು ಮುರಿದು, ಎರಡನೆಯ ಕೊಡವನ್ನು ಹೇಗೋ ಚೆಲ್ಲಿ ಓಡಿಹೋಗುತ್ತಾರೆ. ಕೈಕಾಲಿಲ್ಲದ ಮೈಯಾಗಿ ಅವಳು ಚರಂಡಿಯಲ್ಲಿ ಬೀಳುತ್ತಾಳೆ. ಕೊನೆಗೆ ಗಂಡ ಅವಳನ್ನು ಮತ್ತೆ ಗಿಡವಾಗಿಸಿ, ಮುರಿದ ಟೊಂಗೆಗಳನ್ನು ಒಂದೊಂದಾಗಿ ಸರಿಪಡಿಸಿ ಕಟ್ಟಿ ನೀರು ಹಾಕಿದ ಮೇಲೆಯೇ ಅವಳು ಇಡಿಯಾಗಿ ಏಳುವುದು.

ರಾಮಾನುಜನ್ ಇದನ್ನು ಹೆಂಗಸರ ಕಥೆಯೆಂದು ಓದಿದರು, ಆ ಓದು ಸರಿಯಾಗಿಯೇ ಇದೆ. ಮಕ್ಕಳ ಕಥೆಯಾಗಿ ನೋಡಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಇಲ್ಲಿ ಹಿಂಸೆ ಮಾಡುವವರು ರಾಕ್ಷಸರಲ್ಲ, ಆಟವಾಡುವ ಹುಡುಗಿಯರು. ಗಿಡಕ್ಕೆ ನೋವಾಗುತ್ತದೆಂಬ ತಿಳಿವಳಿಕೆ ಅವರಿಗಿಲ್ಲ. ಗಿರೀಶ ಕಾರ್ನಾಡರು 1992ರಲ್ಲಿ ಇದೇ ಎಳೆಯಿಂದ ‘ಚೆಲುವಿ’ ಚಿತ್ರ ಮಾಡಿದಾಗ ಕಥೆ ನೇರವಾಗಿ ಕಾಡಿನ ನಾಶಕ್ಕೆ ಹತ್ತಿರವಾಯಿತು. 2006ರಲ್ಲಿ ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ ಇದನ್ನು ಒಪೆರಾ ಮಾಡಿ ವಿಯೆನ್ನಾದಲ್ಲಿ ಆಡಿಸಿದರು. ಕನ್ನಡದ ಅಜ್ಜಿಯೊಬ್ಬಳ ಕಥೆ ಅಷ್ಟು ದೂರ ಹೋಗಿದ್ದು ಹೆಮ್ಮೆಯ ಮಾತೇ. ಆದರೆ ಕನ್ನಡದ ಮಕ್ಕಳ ಓದಿನಲ್ಲಿ ‘ಪುಣ್ಯಕೋಟಿ’ಗೆ ಸಿಕ್ಕಿರುವ ಸ್ಥಾನದ ಕಾಲುಭಾಗವೂ ಇದಕ್ಕಿಲ್ಲ.

ಗೋವಿನ ಹಾಡಿನ ಪುಣ್ಯಕೋಟಿ ಸತ್ಯದ ಕಥೆಯೆಂದು ಪ್ರಸಿದ್ಧ. ಕಥೆಯಾಗಿ ಅದು ಅಸಾಧಾರಣ ಶಕ್ತಿಯದು, ಕೇಳಿ ಅಳದ ಕನ್ನಡದ ಮಗುವಿಲ್ಲ. 2020ರಲ್ಲಿ ಸಂಸ್ಕೃತದ ಅನಿಮೇಷನ್ ಚಿತ್ರವಾಗಿಯೂ ಬಂತು. ಆದರೆ ನಿಸರ್ಗದ ಕಡೆಯಿಂದ ನೋಡಿದರೆ ಹುಲಿ ಅಲ್ಲಿ ಹುಲಿಯಾಗಿ ಬದುಕುವಂತಿಲ್ಲ. ಹಸಿವೆಯೇ ಅದರ ಪಾಪ, ಪ್ರಾಣ ಬಿಡುವುದೇ ಅದಕ್ಕೆ ಉಳಿದ ದಾರಿ. ಹುಲಿಯನ್ನು ಮಕ್ಕಳು ಚಿತ್ರದಲ್ಲಷ್ಟೇ ಕಾಣುವ ಬಯಲುಸೀಮೆಯಲ್ಲಿ ಈ ತೀರ್ಪನ್ನು ಯಾರೂ ಪ್ರಶ್ನಿಸುವ ಪ್ರಸಂಗ ಬರಲಿಲ್ಲ. ‘ಕೆರೆಗೆ ಹಾರ’ದ ವಿಷಯ ಬೇರೆ. ಕಲ್ಲನಕೇರಿ ಮಲ್ಲನಗೌಡ ತೋಡಿಸಿದ ಕೆರೆಗೆ ನೀರು ಬರಲು ಕಿರಿಸೊಸೆ ಭಾಗೀರಥಿಯನ್ನು ಆಹುತಿ ಕೊಡುವ ಆ ಕಥನಗೀತೆಯಲ್ಲಿ ನೀರಿನ ಬೆಲೆಯೂ ನಂಬಿಕೆಯ ಕ್ರೌರ್ಯವೂ ಒಟ್ಟಿಗೇ ಇವೆ. ದಂಡಿಗೆ ಹೋಗಿದ್ದ ಗಂಡ ಮಾದೇವರಾಯ ಮರಳಿ ಬಂದು ತಾನೂ ಕೆರೆಗೆ ಹಾರುತ್ತಾನೆ. ಹಾಡಿದವರು ಅದನ್ನು ಮೆಚ್ಚಿ ಹಾಡಿದರೋ ಮರುಗಿ ಹಾಡಿದರೋ ಎಂಬುದನ್ನು ಕೇಳುವವರಿಗೇ ಬಿಟ್ಟಿದ್ದಾರೆ.

ಹಲಸಂಗಿಯ ಗೆಳೆಯರು

ಈ ಬಾಯಿಮಾತಿನ ಲೋಕ ಅಚ್ಚಿಗೆ ಬಂದದ್ದು ಇದೇ ಸೀಮೆಯ ಒಂದು ಹಳ್ಳಿಯಿಂದ. ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ (1903–1953), ಸಿಂಪಿ ಲಿಂಗಣ್ಣ (1905–1993), ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಎಂಬ ಗೆಳೆಯರ ಗುಂಪು ಬೀಸುವ ಕುಟ್ಟುವ ಹೆಂಗಸರ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡಿತು. 1931ರಲ್ಲಿ ‘ಗರತಿಯ ಹಾಡು’ ಬಂತು. ಮುಂದೆ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’. ಗುಂಪಿನಲ್ಲಿ ಅರವಿಂದರ ಭಕ್ತನಿದ್ದ, ಲಿಂಗಾಯತರಿದ್ದರು, ಮುಸಲ್ಮಾನನಿದ್ದ. ಸಂಗ್ರಹದ ಹಾಡುಗಳಲ್ಲಿ ಕೂಸಿನ ಹಾಡುಗಳ ಭಾಗ ದೊಡ್ಡದು. ಅಲ್ಲಿ ಅಳುವ ಕಂದ, ನಗುವ ಕಂದ, ಆಡಿ ಬಂದು ಅಂಗಾಲು ತೊಳೆಸಿಕೊಳ್ಳುವ ಕಂದ, ಎಲ್ಲರೂ ಒಂದೇ ಉಸಿರಿನಲ್ಲಿ ಮಗುವೂ ದೇವರೂ ಆಗಿದ್ದಾರೆ. ಸಿಂಪಿ ಲಿಂಗಣ್ಣನವರು ಹಾಡಿಗೆ ನಿಲ್ಲದೆ ಕಥೆಗಳನ್ನೂ ಕೂಡಿಹಾಕಿದರು.

ನೆರೆಯವರ ನಂಬಿಕೆ

ನಾರ್ನಿಯಾದ ದಕ್ಷಿಣಕ್ಕೆ ಮರುಭೂಮಿಯಾಚೆ ಕಪ್ಪುಮೈಯ, ಪೇಟ ಸುತ್ತಿದ, ಕ್ರೂರ ದೇವರನ್ನು ಪೂಜಿಸುವ ಜನರಿದ್ದಾರೆ. ಲೂಯಿಸ್‌ನ ಈ ಚಿತ್ರಣದ ಮೇಲೆ ಆಕ್ಷೇಪಗಳು ಬಂದಿವೆ. ಅರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ಅರ್ತ್‌ಸೀ ಕಥೆಯ ನಾಯಕನಿಗೆ ಕಂದುಮೈ ಕೊಟ್ಟದ್ದು ಇಂಥ ರೂಢಿಗೆ ಎದುರಾಗಿಯೇ. ಫಿಲಿಪ್ ಪುಲ್ಮನ್ 1995ರಿಂದ 2000ದವರೆಗೆ ಬರೆದ ಕಥಾತ್ರಯದಲ್ಲಿ ಚರ್ಚಿನ ಅಧಿಕಾರವನ್ನೇ ಎದುರು ಹಾಕಿಕೊಂಡರು. ಆದರೂ ಇಂಗ್ಲಿಷ್ ಫ್ಯಾಂಟಸಿಯಲ್ಲಿ ಪರಧರ್ಮ ಎಂಬುದು ಹೆಚ್ಚಾಗಿ ಗಡಿಯಾಚೆ ಇರುವಂಥದ್ದು.

ವಿಜಯಪುರ ಸೀಮೆಯಲ್ಲಿ ಅದು ಮುಂದಿನ ಓಣಿಯಲ್ಲಿದೆ. ಮೊಹರಮ್ಮಿಗೆ ಪೀರಲದೇವರು ಕೂಡುತ್ತವೆ, ಅಲಾಯಿ ಕುಣಿ ತೋಡುತ್ತಾರೆ, ಹೆಜ್ಜೆಮೇಳ ಹೊರಡುತ್ತದೆ. ಕರ್ಬಲೆಯ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವವರಲ್ಲಿ ಮುಸಲ್ಮಾನರಲ್ಲದವರೂ ತುಂಬ ಮಂದಿ. ಹರಕೆ ಹೊತ್ತ ಮನೆಯ ಹುಡುಗ, ಜಾತಿ ಯಾವುದೇ ಇರಲಿ, ಲಾಡಿ ಹಾಕಿಕೊಂಡು ಫಕೀರನಾಗುತ್ತಾನೆ. ನೀರು ಸಿಗದೆ ಬಾಯಾರಿದ ಹಸನ್ ಹುಸೇನರ ವಂಶದ ಮಕ್ಕಳ ಗೋಳು ಬರದ ನಾಡಿನ ಮಕ್ಕಳಿಗೆ ಪರದೇಶದ ಕಥೆ ಅನ್ನಿಸುವುದಿಲ್ಲ. ಕರ್ಬಲೆ ಎಂದರೆ ಭೀಮೆಯ ಆಚೆ ದಂಡೆ ಎಂದು ಮಗು ತಿಳಿದರೂ ಆಶ್ಚರ್ಯವಿಲ್ಲ. ಬಸವಣ್ಣ ಹುಟ್ಟಿದ ಬಾಗೇವಾಡಿಯೂ ಆದಿಲಶಾಹಿ ವಿಜಯಪುರವೂ ಒಂದೇ ಜಿಲ್ಲೆಯಲ್ಲಿವೆ. ಸರಸ್ವತಿಯನ್ನೂ ಸೂಫಿ ಸಂತ ಬಂದೇ ನವಾಜರನ್ನೂ ಒಟ್ಟಿಗೆ ಸ್ತುತಿಸಿದ ಎರಡನೆಯ ಇಬ್ರಾಹಿಂ ಆಳಿದ್ದೂ ಇಲ್ಲೇ. ಶಾಲೆಯ ಪ್ರವಾಸಕ್ಕೆ ಬರುವ ಮಕ್ಕಳು ಗೋಲಗುಮ್ಮಟದಲ್ಲಿ ತಮ್ಮದೇ ಕೂಗನ್ನು ಮತ್ತೆ ಮತ್ತೆ ಕೇಳಿಸಿಕೊಂಡು, ಕೋಟೆಯ ಮೇಲಿನ ಮಲಿಕ್-ಎ-ಮೈದಾನ್ ತೋಪನ್ನು ನೋಡುತ್ತಾರೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಆ ತೋಪಿನ ಬಾಯಿಯೇ ಒಂದು ಸಿಂಹಮುಖ. ಅಗಲಿಸಿದ ದವಡೆಯ ಹಲ್ಲುಗಳಲ್ಲಿ ಆನೆ ಸಿಕ್ಕಿಕೊಂಡಿದೆ. ಇದಕ್ಕಿಂತ ಒಳ್ಳೆಯ ಫ್ಯಾಂಟಸಿ ಚಿತ್ರವನ್ನು ಯಾವ ಪುಸ್ತಕವೂ ಕೊಟ್ಟಿಲ್ಲ.

ಎಲ್ಲವೂ ಸೌಹಾರ್ದವೇ ಎಂದರೆ ತಪ್ಪಾದೀತು. ಊರೂರು ಅಲೆಯುವವರ ಬಗ್ಗೆ ಅಜ್ಜಿ ಕಥೆ ಇಬ್ಬಗೆಯಾಗಿ ಮಾತಾಡುತ್ತದೆ. ಜೋಗಿ, ಬುಡುಬುಡಿಕೆಯವ, ಹಾವಾಡಿಗ ಇವರಿಗೆ ಮಾಟ ಮಂತ್ರ ಗೊತ್ತು. ಮಕ್ಕಳನ್ನು ಜೋಳಿಗೆಯಲ್ಲಿ ಹಾಕಿಕೊಂಡು ಹೋಗುವವರೂ ಇವರೇ. ತೊಗಲುಗೊಂಬೆಯಲ್ಲಿ ರಾಮಾಯಣ ಆಡಿ ಊರಿಗೆ ಮಳೆ ತರಿಸುವವರೆಂದು ಹೆಸರಾದ ಕಿಳ್ಳಿಕ್ಯಾತರು ಆಟ ಮುಗಿದ ಮೇಲೆ ಊರ ಹೊರಗಿನವರೇ. ಜಿಲ್ಲೆಯ ತುಂಬ ಲಂಬಾಣಿ ತಾಂಡಾಗಳಿವೆ, ಅವುಗಳಿಗೆ ತಮ್ಮದೇ ಸಂತ ಸೇವಾಲಾಲರ ಕಥೆಗಳಿವೆ. ಕನ್ನಡದ ಮಕ್ಕಳ ಪುಸ್ತಕದಲ್ಲಿ ತಾಂಡಾದ ಮಗು ನಾಯಕನಾದದ್ದು ಅಪರೂಪ.

ಅಚ್ಚಿನ ದಾರಿ

ಕನ್ನಡದಲ್ಲಿ ಪ್ರಾಣಿಕಥೆಯ ಬರಹ ಹಳೆಯದು. ಚಾಲುಕ್ಯ ಜಯಸಿಂಹನ ಆಸ್ಥಾನದ ದುರ್ಗಸಿಂಹ ‘ಪಂಚತಂತ್ರ’ ಬರೆದದ್ದು 1031ರ ಸುಮಾರಿಗೆ. ಅದು ರಾಜನೀತಿ ಕಲಿಯುವವರಿಗೆ. ಮಕ್ಕಳಿಗೆಂದೇ ಬರೆಯುವ ಕೆಲಸಕ್ಕೆ ಮಂಗಳೂರಿನ ಪಂಜೆ ಮಂಗೇಶರಾಯರು (1874–1937) ದಾರಿ ಹಾಕಿದರು. ಕುವೆಂಪು ಇಂಗ್ಲಿಷ್ ಕವಿ ಬ್ರೌನಿಂಗನ ಕವಿತೆಯನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಮಾಡಿದಾಗ ಜರ್ಮನಿಯ ಹ್ಯಾಮೆಲಿನ್ ಊರು ತುಂಗೆಯ ದಂಡೆಗೆ ಬಂತು, ಕೊಳಲಿನವನು ಜಡೆಯ ಜೋಗಿಯಾದ. ಸಂಸ್ಕೃತಿ ಭೇದವನ್ನು ದಾಟುವುದು ಹೇಗೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಗೆದ್ದ ಉದಾಹರಣೆ ಇಲ್ಲ. ಓದುಗರಲ್ಲಿ ಹೆಚ್ಚಿನವರಿಗೆ ಅದು ಅನುವಾದವೆಂಬುದೇ ಹೊಳೆಯದು. ಕುವೆಂಪು ಅವರದೇ ‘ನನ್ನ ಗೋಪಾಲ’ ನಾಟಕದಲ್ಲಿ ಕಾಡುದಾರಿಗೆ ಹೆದರುವ ಬಡ ಹುಡುಗನಿಗೆ ತಾಯಿ, ನಿನ್ನಣ್ಣ ಗೋಪಾಲನನ್ನು ಕರೆ ಎನ್ನುತ್ತಾಳೆ. ಗೋಪಾಲ ಬಂದೇ ಬಿಡುತ್ತಾನೆ. ನಂಬಿಕೆ ಇಲ್ಲಿ ಉಪದೇಶವಾಗದೆ, ಹೆದರಿದ ಮಗುವಿಗೆ ಸಿಕ್ಕ ಜೊತೆಗಾರನಾಗಿದೆ. ಮುಂದೆ ವೈದೇಹಿ ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕವನ್ನು ಮಕ್ಕಳಿಗಾಗಿ ‘ಧಾಂ ಧೂಂ ಸುಂಟರಗಾಳಿ’ ಮಾಡಿದರು. ಎಚ್.ಎಸ್. ವೆಂಕಟೇಶಮೂರ್ತಿ ‘ಅಳಿಲು ರಾಮಾಯಣ’ ಬರೆದು ಮಹಾಕಾವ್ಯವನ್ನು ಅದರ ಅತಿ ಸಣ್ಣ ಪಾತ್ರದ ಹೆಗಲಿಗೆ ಏರಿಸಿದರು.

ಹಳ್ಳಿಗಳಿಗೆ ಅದ್ಭುತ ಕಥೆ ಅಚ್ಚಿನಲ್ಲಿ ಮೊದಲು ಮುಟ್ಟಿದ್ದು ಪುಸ್ತಕಗಳಿಗಿಂತ ಮಾಸಪತ್ರಿಕೆಗಳ ಮೂಲಕ. ಮದರಾಸಿನ ‘ಚಂದಮಾಮ’ 1940ರ ದಶಕದ ಕೊನೆಗೆ ಕನ್ನಡಕ್ಕೆ ಬಂತು. ಬೇತಾಳನನ್ನು ಹೆಗಲಿಗೇರಿಸಿಕೊಂಡ ವಿಕ್ರಮ, ಕನ್ನಡಿಗ ಚಿತ್ರಕಾರ ಎಂ.ಟಿ.ವಿ. ಆಚಾರ್ಯರ ಮುಖಪುಟಗಳು ಒಂದೆರಡು ತಲೆಮಾರಿನ ಕನಸುಗಳನ್ನು ರೂಪಿಸಿದವು. ಅದೇ ಪತ್ರಿಕೆ ಎಲ್ಲ ಭಾಷೆಗಳಿಗೂ ಒಂದೇ ರಾಜ, ಒಂದೇ ಗೋಪುರ, ಕಪ್ಪುಗಡ್ಡದ ಒಬ್ಬನೇ ಮಂತ್ರವಾದಿಯನ್ನು ಹಂಚಿತು. ಜೋಳದ ಹೊಲದ ರಾಜಕುಮಾರ ಅಲ್ಲಿ ಸಿಗುತ್ತಿರಲಿಲ್ಲ.

ವಿಜಯಪುರದ ಮಟ್ಟಿಗೆ ಮಕ್ಕಳ ಸಾಹಿತ್ಯ ಎಂದರೆ ಮುಖ್ಯವಾಗಿ ಪದ್ಯ. ‘ನಾವು ಎಳೆಯರು’ ಬರೆದ ಶಂ.ಗು. ಬಿರಾದಾರ, ಸಿಸು ಸಂಗಮೇಶ, ಪ.ಗು. ಸಿದ್ದಾಪುರ, 2018ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಕಂಚ್ಯಾಣಿ ಶರಣಪ್ಪ, ಸಿಂದಗಿಯ ಹ.ಮ. ಪೂಜಾರ: ಒಂದೇ ಜಿಲ್ಲೆಯಲ್ಲಿ ಇಷ್ಟು ಜನ ಮಕ್ಕಳಿಗಾಗಿ ಬರೆದದ್ದು ಕನ್ನಡದಲ್ಲಿ ವಿರಳ. ಇವರಲ್ಲಿ ಶಾಲೆಯ ನಂಟಿನವರು ಹೆಚ್ಚು. ಒಗ್ಗಟ್ಟು, ಶುಚಿ, ದೇಶಪ್ರೇಮ, ಗಿಡ ನೆಡುವುದು ಇವು ಶಾಲೆಯ ಪ್ರಾರ್ಥನೆಯ ಸಾಲಿಗೆ ಹೊಂದುವ ವಸ್ತುಗಳು. ಗುಳ್ಳವ್ವನಂಥ, ಜೋಕುಮಾರನಂಥ ನಿಯಂತ್ರಣಕ್ಕೆ ಸಿಗದ ದೇವರುಗಳಿಗೆ ಅಲ್ಲಿ ಹಾಜರಿ ಹಾಕುವುದು ಕಷ್ಟ. ಪ್ರಾಸ ಉಳಿಯಿತು, ಪವಾಡ ಹಿಂದೆ ಸರಿಯಿತು.

ಈಚಿನ ಕಾದಂಬರಿಗಳು ಸ್ಥಳವನ್ನು ಮತ್ತೆ ಹಿಡಿಯುತ್ತಿವೆ. ಅದೇ ಬಾಲಸಾಹಿತ್ಯ ಪುರಸ್ಕಾರ ಪಡೆದ ಪುಸ್ತಕಗಳಲ್ಲಿ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ (2011) ಅಣೆಕಟ್ಟಿನ ನೀರಿನಡಿ ಹೋದ ಊರಿನದು. ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ (2023) ಪಶ್ಚಿಮದ ಹಸಿರಿನಲ್ಲಿ ಬೇರು ಬಿಟ್ಟವು. ಬಯಲುಸೀಮೆಗೂ ಮುಳುಗಡೆ ಹೊಸತಲ್ಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಗುಡಿ, ದರ್ಗಾ, ಹೊಲಗಳೊಂದಿಗೆ ಹಳ್ಳಿಗಳು ಮುಳುಗಿವೆ; ಪುನರ್ವಸತಿಯ ಊರುಗಳಿಗೆ ಜನ ಹೋದರು, ಕೆಲವು ಕಡೆ ದೇವರನ್ನೂ ಎತ್ತಿಕೊಂಡು ಹೋದರು. ಅದ್ಭುತ ಕಥೆಗೆ ಇದಕ್ಕಿಂತ ದೊಡ್ಡ ವಸ್ತು ಬೇಕಿಲ್ಲ.

ಚಿತ್ರಪುಸ್ತಕಗಳ ಮಟ್ಟಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಿಂದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳನ್ನು ಉಚಿತವಾಗಿ ಕೊಡುತ್ತಿದೆ, ಯಾರು ಬೇಕಾದರೂ ಅನುವಾದಿಸಬಹುದು. ಚಿತ್ರಕಾರರ ಹಳ್ಳಿ ಮಾತ್ರ ಇನ್ನೂ ಹೆಚ್ಚಾಗಿ ಕೆಂಪು ಹಂಚಿನ ಇಳಿಜಾರು ಮಾಡಿನದೇ. ವಿಜಯಪುರ ಸೀಮೆಯ ಹಳೆಯ ಮನೆ ಮಣ್ಣಿನ ಮೇಲ್ಮುದ್ದೆಯ ಮಟ್ಟಸ ಮಾಳಿಗೆ. ನೆತ್ತಿಯಲ್ಲಿ ಬೆಳಕಿಂಡಿ, ನೆಲದಡಿಯಲ್ಲಿ ಜೋಳ ತುಂಬುವ ಹಗೆ. ಇಲ್ಲಿಯ ಕಥೆಗಳಲ್ಲಿ ಕಳ್ಳನೂ ಚಂದ್ರನೂ ಒಳಗಿಳಿಯುವುದು ಬೆಳಕಿಂಡಿಯಿಂದ, ಹಾವು ನಿಧಿ ಕಾಯುವುದು ಹಗೆಯಲ್ಲಿ. ರಾಶಿಯ ಕಾಲದಲ್ಲಿ ಕಣದಲ್ಲಿ ರಾತ್ರಿಯಿಡೀ ಎತ್ತು ತಿರುಗಿಸುತ್ತ ಹಾಡುತ್ತಿದ್ದ ಹಂತಿಯ ಪದಗಳನ್ನು ಮಕ್ಕಳು ಕಣಕಿಯ ಮೇಲೆ ಮಲಗಿಯೇ ಕೇಳುತ್ತಿದ್ದರು. ರಾಶಿ ಮಾಡುವ ಯಂತ್ರ ಬಂದ ಮೇಲೆ ಹಂತಿ ನಿಂತಿದೆ, ಪದಗಳಲ್ಲಿ ಹಲವು ಜಾನಪದ ಸಂಗ್ರಹಗಳಲ್ಲಿ ಅಚ್ಚಾಗಿ ಉಳಿದಿವೆ, ದೊಡ್ಡವರಿಗಾಗಿ.